ಕೂಗಿದ ಬೆಲೆ ಎಷ್ಟು, ಕೈಗೆ ಬರುವ ಹಣ ಎಷ್ಟು? ಕುರಿ ಹರಾಜಿನ ಬಗ್ಗೆ ಓದುಗರ ಪ್ರಶ್ನೆಗಳು

ಕುರಿ ಮತ್ತು ಮರಿಗಳನ್ನು ಹರಾಜಿನಲ್ಲಿ ಮಾರುವವರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳಲ್ಲಿರುವ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳಷ್ಟೆ, ಯಾವ ಸಂತೆಯ ದರವೂ ಅಲ್ಲ. ನಿಮ್ಮ ಹರಾಜಿನ ದರ ಹಾಕಿಕೊಂಡು ಇದೇ ಲೆಕ್ಕ ಮಾಡಿ ನೋಡಿ.

ಪ್ರಶ್ನೆ: ಹರಾಜಿನ ವರದಿಯಲ್ಲಿ ಮರಿಗಳಿಗೆ ಕಿಲೋಗೆ 95, 110 ಮತ್ತು 140ರ ದರ ಸಿಕ್ಕಿದೆ ಎಂದಿತ್ತು. ಮೂರರ ಸರಾಸರಿ 115. ನಮ್ಮ ಮರಿಗಳಿಗೆ ಸಿಕ್ಕಿದ್ದು 102. ನಮಗೆ ಮೋಸವಾಗಿದೆಯೇ?

ಮೋಸ ಎನ್ನುವ ಮೊದಲು ಪ್ರತಿ ದರಕ್ಕೂ ಎಷ್ಟು ಮರಿ ಹೋಗಿವೆ, ಅವುಗಳ ತೂಕ ಎಷ್ಟು ಎಂದು ಕೇಳಿ. 140ಕ್ಕೆ ಹೋದದ್ದು 22 ಕಿಲೋ ತೂಗುವ 10 ಮರಿಗಳು, 110ಕ್ಕೆ ಹೋದದ್ದು 36 ಕಿಲೋದ 50 ಮರಿಗಳು, 95ಕ್ಕೆ ಹೋದದ್ದು 45 ಕಿಲೋದ 40 ಮರಿಗಳು ಎಂದುಕೊಳ್ಳಿ. ಒಟ್ಟು ತೂಕ 3,820 ಕಿಲೋ, ಒಟ್ಟು ಹಣ 3,99,800. ಭಾಗಿಸಿದರೆ ಕಿಲೋಗೆ 105 ಸಹ ಬರುವುದಿಲ್ಲ. ಆ ದಿನದ ನಿಜವಾದ ಸರಾಸರಿ ಇದು. ನಿಮ್ಮ 102 ಅದಕ್ಕಿಂತ ಸ್ವಲ್ಪವೇ ಕಡಿಮೆ. ಮರಿಗಳು 40 ಕಿಲೋ ಮೇಲಿದ್ದರೆ ಒಳ್ಳೆಯ ದರವೇ ಸಿಕ್ಕಿದೆ ಎನ್ನಬೇಕು.

ಸಂತೆಯಿಂದ ಸಂತೆಗೆ ಸುದ್ದಿಯಾಗಿ ಹೋಗುವುದು ಅತಿ ಹೆಚ್ಚಿನ ದರ ಮಾತ್ರ. ಅದು ಬಹುತೇಕ ಸಣ್ಣ ಲಾಟಿಗೆ (ಒಟ್ಟಿಗೆ ಕೂಗಿ ಮಾರುವ ಗುಂಪಿಗೆ) ಸಿಕ್ಕ ದರವಾಗಿರುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರು ನ್ಯಾಯವಾದ ಕೂಗನ್ನೂ ಬಿಟ್ಟು ಬರುತ್ತಾರೆ.

ವರದಿ ಓದುವಾಗ ದರ ಯಾವುದರ ಮೇಲಿನದು ಎಂದು ಮೊದಲು ನೋಡಿ. ಜೀವಂತ ತೂಕದ ಕಿಲೋಗೋ, ಚರ್ಮ ಸುಲಿದು ಹೊಟ್ಟೆ-ಕರುಳು ತೆಗೆದ ಮೇಲಿನ ತೂಕಕ್ಕೋ, ಅಥವಾ ತಲೆಗೆ ಇಷ್ಟು ಎಂದೋ? ಜೀವಂತ ತೂಕಕ್ಕೆ 100 ಎಂದರೆ, ಶೇ 48 ಇಳುವರಿ ಬರುವ (ಜೀವಂತ ತೂಕದ ಶೇ 48 ಸುಲಿದ ತೂಕವಾಗಿ ಉಳಿಯುವ) ಮರಿಯಲ್ಲಿ ಸುಲಿದ ತೂಕಕ್ಕೆ ಸುಮಾರು 208. ಮರಿ ಅದೇ, ಹಣ ಅದೇ, ಅಂಕಿ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು. ಒಂದು ಕಡೆಯ ಸುಲಿದ ತೂಕದ ದರವನ್ನು ಇನ್ನೊಂದು ಕಡೆಯ ಜೀವಂತ ತೂಕದ ದರದ ಪಕ್ಕದಲ್ಲಿಟ್ಟು "ಅಲ್ಲಿ ಡಬಲ್ ರೇಟು" ಎಂದು ಲಾರಿ ಹತ್ತಿಸಿದರೆ ಆಗುವುದು ಬಾಡಿಗೆಯ ನಷ್ಟವೇ.

ಪ್ರಶ್ನೆ: ಸಣ್ಣ ಮರಿಗೇ ಕಿಲೋಗೆ ಹೆಚ್ಚು ದರ ಸಿಗುವುದಾದರೆ ಮೇಯಿಸಿ ದೊಡ್ಡದು ಮಾಡುವುದೇಕೆ?

ಕಿಲೋ ದರವನ್ನೇ ನೋಡಿದರೆ ಇದಕ್ಕೆ ಉತ್ತರ ಸಿಗದು. ಮರಿಯ ಪೂರ್ತಿ ಬೆಲೆ ಹಾಕಿ ನೋಡಬೇಕು. ಮೇಲಿನ ಅಂಕಿಗಳನ್ನೇ ತೆಗೆದುಕೊಳ್ಳಿ. 22 ಕಿಲೋ ಮರಿಗೆ 3,080, 36 ಕಿಲೋ ಮರಿಗೆ 3,960, 45 ಕಿಲೋ ಮರಿಗೆ 4,275.

22ರಿಂದ 36 ಕಿಲೋಗೆ ಬೆಳೆಸಿದಾಗ 14 ಕಿಲೋ ಹೆಚ್ಚಿತು, ಬೆಲೆ 880 ಹೆಚ್ಚಿತು. ಅಂದರೆ ಹೊಸದಾಗಿ ಕೂಡಿಸಿದ ಪ್ರತಿ ಕಿಲೋದಿಂದ ಬಂದದ್ದು 63, ಕೂಗಿದ ದರವಾದ 110 ಅಲ್ಲ. 36ರಿಂದ 45ಕ್ಕೆ ಹೋದರೆ 9 ಕಿಲೋಗೆ ಸಿಗುವುದು 315 ಮಾತ್ರ, ಕಿಲೋಗೆ 35. ತೂಕ ಏರಿದಂತೆ ದರ ಇಳಿಯುವುದರಿಂದ, ಆ ಇಳಿಕೆ ಹೊಸ ಕಿಲೋಗಳ ಮೇಲಷ್ಟೇ ಅಲ್ಲದೆ ಮರಿಯ ಮೈಮೇಲೆ ಮೊದಲೇ ಇದ್ದ ಕಿಲೋಗಳ ಮೇಲೂ ಬೀಳುತ್ತದೆ. ಬಹಳ ಜನ ಲೆಕ್ಕ ತಪ್ಪುವುದು ಇಲ್ಲಿಯೇ.

ಈಗ ಮೇವಿನ ಖರ್ಚನ್ನು ಇದರ ಎದುರು ಇಡಿ. ದಾಣಿ ತಿಂದು ಚೆನ್ನಾಗಿ ಬೆಳೆಯುವ ಎಳೆಯ ಮರಿ ಒಂದು ಕಿಲೋ ತೂಕ ಕೂಡಿಸಲು ಸುಮಾರು 5ರಿಂದ 6 ಕಿಲೋ ಒಣ ಆಹಾರ ತಿನ್ನುತ್ತದೆ. ಭಾರವಾಗಿ ಕೊಬ್ಬು ಕಟ್ಟುವ ಹಂತಕ್ಕೆ ಬಂದ ಮರಿಗೆ 7-8 ಕಿಲೋ ಬೇಕು, ಏಕೆಂದರೆ ಮಾಂಸಕ್ಕಿಂತ ಕೊಬ್ಬು ಕಟ್ಟಲು ಹೆಚ್ಚು ಆಹಾರ ಖರ್ಚಾಗುತ್ತದೆ. ಆಹಾರ ಕಿಲೋಗೆ 8 ಬಿದ್ದರೆ ಮೊದಲ ಹಂತದಲ್ಲಿ ಖರ್ಚು 44ರ ಆಸುಪಾಸು, ಬರುವುದು 63. ಮೇಯಿಸಬಹುದು. ಎರಡನೆಯ ಹಂತದಲ್ಲಿ ಖರ್ಚು 60, ಬರುವುದು 35. ಅಲ್ಲಿ ಪ್ರತಿ ಕಿಲೋಗೂ ನಷ್ಟ. ಲಸಿಕೆ, ಜಂತುನಾಶಕ, ಸತ್ತ ಮರಿಗಳ ನಷ್ಟ, ಕೂಲಿ ಇವನ್ನು ಇನ್ನೂ ಸೇರಿಸಿಲ್ಲ.

ಕೊಂಡ ಮೇವು ಹಾಕದೆ ಬಯಲಲ್ಲೇ ಮೇಯಿಸುವವರಿಗೆ ಲೆಕ್ಕ ಬೇರೆ ಬರುತ್ತದೆ ನಿಜ. ಆದರೆ ದೊಡ್ಡ ಮರಿ ತಿನ್ನುವ ಹುಲ್ಲು ತಾಯಿಕುರಿಗಳ ಬಾಯಿಂದ ಹೋಗುತ್ತಿದೆಯೇ ಎಂದು ನೋಡಿಕೊಳ್ಳಿ. ಇನ್ನೊಂದು ಮಾತು: ಸಣ್ಣ ಮರಿಗೆ ಸಿಗುವ ಹೆಚ್ಚಿನ ದರ ಮೇವಿನ ಬೆಲೆಗೆ ಅಂಟಿಕೊಂಡಿರುತ್ತದೆ. ಅದನ್ನು ಕೊಳ್ಳುವವನು ಮೇಯಿಸಿ ಮಾರುವ ಲೆಕ್ಕದಲ್ಲಿರುತ್ತಾನೆ. ಮೇವು ದುಬಾರಿಯಾದ ಕಾಲದಲ್ಲಿ ಮೊದಲು ಬೀಳುವುದು ಆ ದರವೇ.

ಪ್ರಶ್ನೆ: ಮನೆಯಲ್ಲಿ 36 ಕಿಲೋ ತೂಗಿದ ಮರಿಗಳು ಹರಾಜಿನ ಕಟ್ಟೆಯಲ್ಲಿ 34 ಬಂದವು. ತಕ್ಕಡಿ ಸರಿಯಿಲ್ಲವೇ? ಮನೆ ಬಾಗಿಲಿಗೆ ಬರುವ ವ್ಯಾಪಾರಿ ಕಿಲೋಗೆ 95 ಕೊಡುತ್ತೇನೆ ಎಂದಿದ್ದ, ಹರಾಜಿನಲ್ಲಿ 100 ಆಯಿತು. ಯಾವುದು ಲಾಭ?

ತಕ್ಕಡಿಯನ್ನು ಅನುಮಾನಿಸಬೇಕಾಗಿಲ್ಲ, ಆದರೆ ಪರೀಕ್ಷಿಸುವುದರಲ್ಲಿ ತಪ್ಪಿಲ್ಲ. ಖಾಲಿ ಇದ್ದಾಗ ಸೊನ್ನೆ ತೋರಿಸುತ್ತದೆಯೇ, ಮೊಹರು ಇದೆಯೇ, ಹಿಂದಿನ ಲಾಟಿನ ಹಿಕ್ಕೆ-ಕೆಸರು ಗುಡಿಸಿದ್ದಾರೆಯೇ ಎಂದು ನೋಡಿ. ಎರಡು ಕಿಲೋ ಇಳಿಯಲು ಮಾತ್ರ ಬೇರೆ ಕಾರಣ ಸಾಕು. ಮೇವು-ನೀರಿಲ್ಲದೆ ಅರ್ಧ ದಿನ ಕಳೆದರೆ ಸಾಮಾನ್ಯವಾಗಿ ಶೇ 4ರಿಂದ 6, ಪೂರ್ತಿ ದಿನ ಕಳೆದರೆ ಶೇ 7ರಿಂದ 10ರವರೆಗೆ ತೂಕ ಇಳಿಯುತ್ತದೆ. ಮೊದಲು ಹೋಗುವುದು ಹಿಕ್ಕೆ, ಮೂತ್ರ, ಹೊಟ್ಟೆಯಲ್ಲಿದ್ದ ಮೇವು. ಅದು ನೀರು-ಮೇವು ಸಿಕ್ಕರೆ ಬೇಗ ತುಂಬಿಕೊಳ್ಳುತ್ತದೆ. ಹೊತ್ತು ಹೆಚ್ಚಾದಂತೆ ಮೈಯ ನೀರೇ ಹೋಗತೊಡಗುತ್ತದೆ. ಅದು ಮಾಂಸದ ನಷ್ಟ, ಬೇಗ ತಿರುಗಿ ಬರದು. ಹಸಿ ಹುಲ್ಲು ಮೇಯುತ್ತಿದ್ದ ಮರಿಗಳಲ್ಲಿ ಈ ಇಳಿತ ಒಣ ಮೇವಿನವಕ್ಕಿಂತ ಜೋರು.

ಈಗ ನಿಮ್ಮ ಲೆಕ್ಕ. 25 ಮರಿಗಳು ಎಂದುಕೊಂಡರೆ ಮನೆಯ ತೂಕ 900 ಕಿಲೋ, ಹರಾಜಿನ ತೂಕ 850. ಮನೆಯಲ್ಲಿ 95ರಂತೆ 85,500. ಹರಾಜಿನಲ್ಲಿ 100ರಂತೆ 85,000. ಅದರಿಂದ ಶೇ 4 ಕಮಿಷನ್ 3,400 ಮತ್ತು ವಾಹನಕ್ಕೆ 1,500 ಕಳೆದರೆ ಉಳಿಯುವುದು 80,100. ಐದು ಹೆಚ್ಚು ಸಿಕ್ಕಿತೆಂದು ಹೋದವರಿಗೆ 5,400 ಕಡಿಮೆ ಬಂತು. ಎರಡೂ ಸಮವಾಗಬೇಕಾದರೆ ಹರಾಜಿನಲ್ಲಿ ಎಷ್ಟು ಕೂಗಬೇಕಿತ್ತು? ಮನೆಯ ಹಣಕ್ಕೆ ವಾಹನದ ಖರ್ಚು ಸೇರಿಸಿ 87,000. ಕಮಿಷನ್ ಕಳೆದು ಕೈಗೆ ಹಣ ತರುವ ತೂಕ 850ರ ಶೇ 96, ಅಂದರೆ 816 ಕಿಲೋ. ಭಾಗಿಸಿದರೆ 106 ರಿಂದ 107ರ ನಡುವೆ. ಹೊರಡುವ ಹಿಂದಿನ ದಿನವೇ ಈ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಮನೆ ಬಾಗಿಲ ವ್ಯಾಪಾರಿಯ ಮಾತನ್ನೂ ಬಿಡಿಸಿ ನೋಡಬೇಕು. "ಹೊಟ್ಟೆ ತುಂಬಿದೆ" ಎಂದು ತೂಕದಲ್ಲಿ ಶೇ 3 ಮುರಿದುಕೊಂಡರೆ ಅವನು ಕೊಡುವುದು 873 ಕಿಲೋಗೆ, ಅಂದರೆ 82,935. ಆಗ ಹರಾಜಿನಲ್ಲಿ 103.50 ಕೂಗಿದರೆ ಸಮ. ಅವನು ಎಲ್ಲಿ, ಯಾವ ತಕ್ಕಡಿಯಲ್ಲಿ, ಮೇಯುವ ಮೊದಲೋ ನಂತರವೋ ತೂಗುತ್ತಾನೆ ಎಂಬುದನ್ನು ದರದ ಮಾತಿಗೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ.

ಇಳಿತ ಪೂರ್ತಿ ತಪ್ಪಿಸಲಾಗದು, ತಗ್ಗಿಸಬಹುದು. ಹಿಂದಿನ ರಾತ್ರಿ ಒಣ ಮೇವು ಕೊಡಿ, ವಾಹನ ಹತ್ತಿಸುವವರೆಗೂ ನೀರು ಇರಲಿ. ತಂಪು ಹೊತ್ತಿನಲ್ಲಿ ಸಾಗಿಸಿ. ನಾಯಿ ಬಿಟ್ಟು ಓಡಿಸಬೇಡಿ. ಉಪ್ಪು ತಿನ್ನಿಸಿ ನೀರು ಕುಡಿಸಿ ತೂಕ ಏರಿಸುವ ಉಪಾಯ ಕೆಲವರು ಹೇಳುತ್ತಾರೆ. ದಿನವೂ ಕುರಿ ಕೊಳ್ಳುವವರಿಗೆ ಉಬ್ಬಿದ ಹೊಟ್ಟೆ ದೂರದಿಂದಲೇ ಕಾಣುತ್ತದೆ. ಅವರು ಹೆಚ್ಚೇ ಮುರಿಯುತ್ತಾರೆ, ಮುಂದಿನ ಸಲ ನಿಮ್ಮ ಲಾಟಿನ ಬಗ್ಗೆ ನಂಬಿಕೆಯೂ ಇರುವುದಿಲ್ಲ. ಪ್ರಾಣಿಗೂ ಅದು ಹಿಂಸೆ.

ಪ್ರಶ್ನೆ: ನಮ್ಮ ಮರಿಯೂ ಪಕ್ಕದವರ ಮರಿಯೂ 40 ಕಿಲೋ. ಅವರಿಗೆ ಕಿಲೋಗೆ 9 ಹೆಚ್ಚು ಸಿಕ್ಕಿತು. ಯಾಕೆ?

ಕೊಳ್ಳುವವನು ತೂಕಕ್ಕೆ ಹಣ ಕೊಟ್ಟರೂ ಅವನು ಮಾರುವುದು ಮಾಂಸ. 40 ಕಿಲೋ ಮರಿ ಶೇ 48 ಇಳುವರಿ ಕೊಟ್ಟರೆ 19.2 ಕಿಲೋ, ಶೇ 44 ಕೊಟ್ಟರೆ 17.6 ಕಿಲೋ. ಸುಲಿದ ತೂಕಕ್ಕೆ ಕಿಲೋಗೆ 208 ಇದ್ದರೆ ಈ 1.6 ಕಿಲೋದ ವ್ಯತ್ಯಾಸ 333, ಜೀವಂತ ತೂಕಕ್ಕೆ ಹಂಚಿದರೆ ಕಿಲೋಗೆ 8ಕ್ಕೂ ಹೆಚ್ಚು. ನೀವು ಹೇಳಿದ ಅಂತರ ಬಹುಪಾಲು ಇಷ್ಟರಲ್ಲೇ ಬಂತು.

ಇಳುವರಿ ಏಕೆ ಬದಲಾಗುತ್ತದೆ? ಹಾಲು ಕುಡಿಯುತ್ತಿರುವ ಮರಿಗೆ ಮೇವಿನ ಹೊಟ್ಟೆ ಇನ್ನೂ ದೊಡ್ಡದಾಗಿರುವುದಿಲ್ಲ, ಹಾಗಾಗಿ ಇಳುವರಿ ಹೆಚ್ಚು, ಶೇ 50ನ್ನೂ ಮುಟ್ಟಬಹುದು. ಹಾಲು ಬಿಟ್ಟು ಹುಲ್ಲಿನಲ್ಲೇ ಬೆಳೆದದ್ದು ಶೇ 43-46. ದಾಣಿ ತಿಂದು ಮೈ ತುಂಬಿದ್ದು ಶೇ 48-50. ಸೊರಗಿದ ಮುದಿ ಕುರಿ ಶೇ 40ರ ಆಸುಪಾಸು. ಉಣ್ಣೆಯೂ ತಕ್ಕಡಿಯಲ್ಲಿ ತೂಗುತ್ತದೆ. ಮಳೆಯಲ್ಲಿ ನೆನೆದು ಬಂದರೆ ಒಂದೆರಡು ಕಿಲೋ ನೀರೂ ಸೇರಿರುತ್ತದೆ. ಅದಕ್ಕೆ ಹಣ ಕೊಡಲು ಯಾರೂ ತಯಾರಿಲ್ಲ. ನೆನೆದ ಲಾಟಿಗೆ ಅಂದಾಜಿಗಿಂತ ಹೆಚ್ಚೇ ಮುರಿದು ಕೂಗುತ್ತಾರೆ. ಎಷ್ಟು ನೀರಿದೆ ಎಂದು ತಿಳಿಯದಾಗ ಆ ಅನುಮಾನದ ಬೆಲೆ ಮಾರುವವನ ತಲೆಗೇ ಬರುತ್ತದೆ.

ಮೈ ತುಂಬಿದೆಯೇ ಎಂದು ಉಣ್ಣೆಯ ಮೇಲಿಂದ ನೋಡಿ ಹೇಳಲು ಸಾಧ್ಯವಿಲ್ಲ. ಅನುಭವಿ ಖರೀದಿದಾರ ಸುಮ್ಮನೆ ಬೆನ್ನು ಸವರಿದಂತೆ ಕಾಣುತ್ತಾನಲ್ಲ, ಅವನು ಮಾಡುತ್ತಿರುವುದು ಇದು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಗೆ ಮುಂಚೆ, ಬೆನ್ನಮೇಲೆ ಅಂಗೈ ಇಡಬೇಕು. ಹೆಬ್ಬೆರಳು ಬೆನ್ನುಮೂಳೆಯ ಮೇಲೆ, ಉಳಿದ ಬೆರಳುಗಳು ಅದರ ಪಕ್ಕಕ್ಕೆ ಚಾಚಿದ ಅಡ್ಡಮೂಳೆಗಳ ತುದಿಗೆ. ಮೂಳೆಯ ತುದಿ ಚೂಪಾಗಿ ಸಿಕ್ಕು, ಬೆರಳು ಸಲೀಸಾಗಿ ಅಡ್ಡಮೂಳೆಯ ಕೆಳಗೆ ಹೋದರೆ, ಮೈ ಎಷ್ಟು ತುಂಬಿದೆ ಎನ್ನುವ 1ರಿಂದ 5ರ ಅಂಕಗಳಲ್ಲಿ ಅದು 1. ಮೂಳೆ ಸಿಕ್ಕರೂ ನುಣುಪಾಗಿದ್ದು, ಸ್ವಲ್ಪ ಒತ್ತಿದರೆ ಬೆರಳು ಒಳಹೋದರೆ 2. ಗಟ್ಟಿಯಾಗಿ ಒತ್ತಿದರೆ ಮಾತ್ರ ತುದಿ ತಿಳಿದು, ನಡುವೆ ಮಾಂಸ ತುಂಬಿಕೊಂಡಿದ್ದರೆ 3. ಬೆನ್ನುಮೂಳೆ ಒತ್ತಿದಾಗ ಗೆರೆಯಂತಷ್ಟೇ ತಿಳಿದು, ಅಡ್ಡಮೂಳೆ ಸಿಗದೇ ಇದ್ದರೆ 4. ಒತ್ತಿದರೂ ಏನೂ ಸಿಗದಷ್ಟು ಕೊಬ್ಬಿದ್ದರೆ 5. ಮಾಂಸಕ್ಕೆ ಹೋಗುವ ಮರಿಗೆ ಸಾಮಾನ್ಯವಾಗಿ 3ರ ಆಸುಪಾಸು ಒಳ್ಳೆಯ ದರ. 2ಕ್ಕಿಂತ ಕೆಳಗೆ ಇಳುವರಿ ಸಾಲದು, 4 ದಾಟಿದರೆ ಕೊಬ್ಬು ಕೆತ್ತಿ ಎಸೆಯಬೇಕು. ಹರಾಜಿಗೆ ವಾರ ಮುಂಚೆ ಎಲ್ಲ ಮರಿಗಳ ಬೆನ್ನನ್ನೂ ಹೀಗೆ ಮುಟ್ಟಿ ನೋಡಿ. ಕಣ್ಣಿಗೆ ಒಂದೇ ತರ ಕಂಡವು ಕೈಗೆ ಎರಡು ಗುಂಪಾಗಿ ಸಿಗುತ್ತವೆ.

ಹಲ್ಲು ಇನ್ನೊಂದು ಕಾರಣ. ಹಾಲುಹಲ್ಲು ಇರುವ ತನಕ ಮರಿ. ಸುಮಾರು ಒಂದರಿಂದ ಒಂದೂವರೆ ವರ್ಷದ ನಡುವೆ ಕೆಳದವಡೆಯ ನಡುವಿನ ಎರಡು ದೊಡ್ಡ ಹಲ್ಲು ಬರುತ್ತವೆ. ಎರಡು ಹಲ್ಲು ಬಂತೆಂದರೆ ಅನೇಕ ಕಡೆ ಮರಿಯ ದರ್ಜೆಯಿಂದ ಕೆಳಗಿನ ದರ್ಜೆಗೆ ಇಳಿಯುತ್ತದೆ. ಹಾಲುಹಲ್ಲು ಅಲುಗಾಡುತ್ತಿದ್ದರೆ ಮುಂದಿನ ಹರಾಜಿಗೆ ಕಾಯಬೇಡಿ.

ಪ್ರಶ್ನೆ: ಇರುವ 20 ಮರಿಗಳನ್ನು ಒಂದೇ ಲಾಟಿನಲ್ಲಿ ಬಿಟ್ಟರೆ ಹೆಚ್ಚು ಜನ ಕೂಗುವುದಿಲ್ಲವೇ?

ಒಂದೇ ಗಾತ್ರದವಾದರೆ ಕೂಗುತ್ತಾರೆ. ಕಣ್ಣು ಮಾತ್ರ ಮೊದಲು ಹೋಗುವುದು ಸೊರಗಿದ್ದರ ಮೇಲೆ. 17 ಮರಿ 36 ಕಿಲೋ ಇದ್ದು, ಅದೇ ವಯಸ್ಸಿನ 3 ಬಡಕಲು ಮರಿ 27 ಕಿಲೋ ಇವೆ ಎಂದುಕೊಳ್ಳಿ. ಒಟ್ಟಿಗೆ ಬಿಟ್ಟು 98 ಆದರೆ 693 ಕಿಲೋಗೆ 67,914. ಬೇರೆ ಮಾಡಿ ಒಳ್ಳೆಯವು 108ಕ್ಕೆ, ಬಡಕಲು 85ಕ್ಕೆ ಹೋದರೂ ಒಟ್ಟು 72,981. ಮೂರು ಮರಿಯಲ್ಲಿ ಬಿಟ್ಟುಕೊಟ್ಟದ್ದು ಹದಿನೇಳರಲ್ಲಿ ಹಲವು ಪಟ್ಟು ಬಂತು. ಒಂದು ಲಾಟಿನೊಳಗೆ ಹಗುರ ಮರಿಗೂ ಭಾರದ ಮರಿಗೂ 3-4 ಕಿಲೋಗಿಂತ ಹೆಚ್ಚು ಅಂತರ ಬೇಡ. ಕುಂಟುವುದು, ಭೇದಿಯಿಂದ ಬಾಲ ಕೊಳಕಾದದ್ದು, ಕೆಮ್ಮುವುದು ಇದ್ದರೆ ಅದನ್ನು ಕರೆತರಲೇಬೇಡಿ. ಒಂದು ಮರಿ ಕೆಮ್ಮಿದರೆ ಇಡೀ ಹಿಂಡಿನ ಮೇಲೆ ಅನುಮಾನ.

ಲಾಟು ಮಾಡುವಾಗ ಉಣ್ಣೆ ಹಿಡಿದು ಎಳೆಯಬೇಡಿ. ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಮಾಂಸ ಕಪ್ಪಾಗುತ್ತದೆ. ಗದ್ದದ ಕೆಳಗೊಂದು ಕೈ, ಹಿಂಭಾಗಕ್ಕೊಂದು ಕೈ ಇಟ್ಟು ನಡೆಸಿ.

ಪ್ರಶ್ನೆ: ನಮ್ಮಲ್ಲಿ ತೂಕದ ಯಂತ್ರವಿಲ್ಲ. ತಲಾ ಲೆಕ್ಕದಲ್ಲಿ ಕೂಗುವ ಹರಾಜಿನಲ್ಲಿ ಬೆಲೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಅಳತೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ. ಭುಜದ ಮುಂತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ. ಸುತ್ತಳತೆ 75, ಉದ್ದ 65 ಇದ್ದರೆ ಸುಮಾರು 33.7 ಕಿಲೋ.

ತಪ್ಪಾಗುವುದು ಉಣ್ಣೆಯಿಂದ. ಟೇಪನ್ನು ಉಣ್ಣೆಯೊಳಗೆ ಒತ್ತಿ ಮೈಗೆ ತಾಗಿಸದೆ 77 ಎಂದು ಓದಿದರೆ ತೂಕ 35.5 ಆಗಿಬಿಡುತ್ತದೆ, ಎರಡು ಸೆಂಟಿಮೀಟರಿಗೆ ಹತ್ತಿರ ಎರಡು ಕಿಲೋ. ತಲೆ ಎತ್ತಿ ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತಾಗ ಎರಡು ಸಲ ಅಳೆಯಿರಿ. ಗಬ್ಬದ ಕುರಿಗೆ ಈ ಲೆಕ್ಕ ನಂಬಬೇಡಿ. ಲಾಟಿನಲ್ಲಿ ನಾಲ್ಕೈದು ಮರಿಗಳನ್ನು ಅಳೆದು ಸರಾಸರಿ ಹಿಡಿದು, ಕೂಗಿದ ತಲಾ ಬೆಲೆಯನ್ನು ಅದರಿಂದ ಭಾಗಿಸಿದರೆ ಕಿಲೋ ದರ ಸಿಗುತ್ತದೆ. ಅದನ್ನು ತೂಕದ ಹರಾಜಿನ ದರದೊಂದಿಗೆ ಹೋಲಿಸಿ.

ಪ್ರಶ್ನೆ: ಕೂಗು ಕಡಿಮೆ ಬಂದರೆ ಮಾರದೆ ವಾಪಸ್ ತರಬೇಕೇ?

ಕನಿಷ್ಠ ಬೆಲೆಯನ್ನು ಹರಾಜು ಶುರುವಾಗುವ ಮುಂಚೆಯೇ ಹರಾಜು ಕೂಗುವವರಿಗೆ ತಿಳಿಸಿ. ಕೂಗು ಬಿದ್ದ ಮೇಲೆ ತಕರಾರು ತೆಗೆಯುವುದು ಬೇಡ. ಕನಿಷ್ಠ ಬೆಲೆ ಹಾಕುವಾಗ ವಾಪಸ್ ತರುವ ಬಾಡಿಗೆ, ಕಟ್ಟೆಯ ಶುಲ್ಕ, ಮತ್ತೊಮ್ಮೆ ಇಳಿಯುವ ತೂಕ ಇವನ್ನೆಲ್ಲ ಕಳೆಯಬೇಕು. ಹಾಗೆ ಕಳೆದಾಗ ಬಹಳ ಸಲ ಕಿಲೋಗೆ 3-4 ಕಡಿಮೆಗೆ ಮಾರುವುದೇ ಸರಿ ಎನಿಸುತ್ತದೆ. ಹಲವು ಹಿಂಡು ಬೆರೆತ ಜಾಗದಿಂದ ಮರಳಿದ ಮರಿ ರೋಗ ತರಬಹುದು. ತಂದರೆ ಎರಡು-ಮೂರು ವಾರ ಬೇರೆ ದೊಡ್ಡಿಯಲ್ಲಿಡಿ. ಕೂಗುವವರು ಇಬ್ಬರೇ ಇದ್ದು ಇಬ್ಬರೂ ಒಂದೇ ಕಡೆಗೆ ಕೊಳ್ಳುವವರು ಎಂದು ತಿಳಿದರೆ ಮಾತ್ರ ಹಿಂದೆ ತರಲು ಹಿಂಜರಿಯಬೇಡಿ. ಅದು ಸಂತೆಯ ದರವಲ್ಲ.

ಪ್ರಶ್ನೆ: ಹಬ್ಬದ ಮುಂಚೆ ಮಾರಿದರೆ ಯಾವಾಗಲೂ ಹೆಚ್ಚು ಸಿಗುತ್ತದೆಯೇ?

ಹಬ್ಬಕ್ಕೆ ಬೇಕಾದಂಥ ಪ್ರಾಣಿ ಇದ್ದರೆ ಸಿಗುತ್ತದೆ. ಬಕ್ರೀದಿಗೆ ಮುಂಚೆ ಕುಂದಿಲ್ಲದ, ವಯಸ್ಸು ತುಂಬಿದ ಟಗರಿಗೆ ತಲಾ ಲೆಕ್ಕದಲ್ಲಿ ಏರು ಬೆಲೆ ಬರುತ್ತದೆ. ಕೊಂಬು ಮುರಿದದ್ದು, ಕಿವಿ ಹರಿದದ್ದು, ಕುಂಟುವುದು ಆ ಬೆಲೆಗೆ ಹೋಗದು. ಚಾಂದ್ರಮಾನದ ಲೆಕ್ಕದಲ್ಲಿ ಈ ಹಬ್ಬ ವರ್ಷಕ್ಕೆ 10-11 ದಿನ ಮುಂಚೆಯೇ ಬರುತ್ತಾ ಹೋಗುವುದರಿಂದ, ಹೋದ ವರ್ಷದ ದಿನಾಂಕ ನೋಡಿ ಮರಿ ಹಾಕಿಸುವ ಲೆಕ್ಕ ಹಿಡಿಯಬೇಡಿ. ಕೊನೆಯ ಎರಡು-ಮೂರು ದಿನಕ್ಕೆ ಕಾಯುವುದು ಜೂಜು. ಎಲ್ಲರೂ ಅದೇ ದಿನಕ್ಕೆ ತಂದರೆ ದರ ಒಮ್ಮೆಲೇ ಕುಸಿಯುತ್ತದೆ.

ಪ್ರಶ್ನೆ: ಮುದಿ ಕುರಿಗಳಿಗೂ ಕಿಲೋ ದರದಲ್ಲೇ ಮಾರಬೇಕೇ?

ಹಲ್ಲು ಉದುರಿದ, ಕೆಚ್ಚಲು ಕೆಟ್ಟ ಕುರಿಯನ್ನು ತೂಕಕ್ಕೇ ಮಾರಬೇಕು. ಬಾಯಿ ಗಟ್ಟಿಯಿದ್ದು ಎರಡೂ ಮೊಲೆ ಸರಿಯಿರುವ ಕುರಿಯನ್ನು ಮಾಂಸದ ಲಾಟಿನಲ್ಲಿ ಬಿಡುವುದು ನಷ್ಟ. ಅದು ತಲಾ ಲೆಕ್ಕದಲ್ಲಿ, ಸಾಕುವವರ ಮುಂದೆ ಹೋಗಬೇಕು. ಗಬ್ಬ ಇದೆ ಎನ್ನುವುದಾದರೆ ಟಗರು ಬಿಟ್ಟ ದಿನಾಂಕ ಹೇಳಿ, ಪರೀಕ್ಷೆ ಮಾಡಿಸಿದ್ದರೆ ಚೀಟಿ ತೋರಿಸಿ. ಬರಿ ಮಾತಿಗೆ ಯಾರೂ ಹೆಚ್ಚು ಕೂಗುವುದಿಲ್ಲ. ತಲೆಗೆ ಇಷ್ಟು ಎಂದು ಹಿಡಿಯುವ ಶುಲ್ಕ ಕಡಿಮೆ ಬೆಲೆಯ ಕುರಿಗೆ ಭಾರವಾಗಿ ಬೀಳುತ್ತದೆ: 40ರ ಶುಲ್ಕ 4,000ದ ಮರಿಗೆ ಶೇ 1, 1,500ರ ಮುದಿ ಕುರಿಗೆ ಶೇ 2.7.

ಪ್ರಶ್ನೆ: ಹಣ ತೆಗೆದುಕೊಳ್ಳುವಾಗ ಏನೇನು ನೋಡಬೇಕು?

ಚೀಟಿಯಲ್ಲಿ ತಲೆ ಎಷ್ಟು, ಒಟ್ಟು ತೂಕ ಎಷ್ಟು, ದರ ಎಷ್ಟು, ಕಮಿಷನ್ ಯಾವ ಮೊತ್ತದ ಮೇಲೆ, ಉಳಿದ ಕಡಿತಗಳು ಯಾವುವು ಎಂದು ಒಂದೊಂದಾಗಿ ನೋಡಿ. ತೂಗುವಾಗ ನೀವೇ ಬರೆದುಕೊಂಡ ಅಂಕಿಯೊಂದಿಗೆ ತಾಳೆ ಹಾಕಿ. ಕೈಗೆ ಬಂದ ಹಣವನ್ನು ಮನೆಯಲ್ಲಿ ಹಾಕಿದ ತೂಕದಿಂದ ಭಾಗಿಸಿ ಅದೇ ಚೀಟಿಯ ಹಿಂದೆ ಬರೆದಿಡಿ. ಮೇಲಿನ 25 ಮರಿಗಳ ಉದಾಹರಣೆಯಲ್ಲಿ 80,100ನ್ನು 900ರಿಂದ ಭಾಗಿಸಿದರೆ 89. ಮುಂದಿನ ಸಲ ಮನೆ ಬಾಗಿಲಿಗೆ ಬಂದ ವ್ಯಾಪಾರಿ 91 ಎಂದಾಗ ಆ 89ನ್ನು ಮುಂದಿಟ್ಟುಕೊಂಡು ಮಾತಾಡಿ. ಜಂತುನಾಶಕ ಅಥವಾ ಬೇರೆ ಔಷಧಿ ಕೊಟ್ಟ ದಿನಾಂಕವನ್ನೂ ಅದರಲ್ಲೇ ಬರೆದಿಡಿ. ಮಾಂಸಕ್ಕೆ ಮಾರುವ ಮುನ್ನ ಎಷ್ಟು ದಿನ ಬಿಡಬೇಕೆಂದು ಔಷಧಿಯ ಚೀಟಿಯಲ್ಲಿ ಇರುತ್ತದೆ, ಆ ದಿನಗಳು ಮುಗಿಯದ ಮರಿಯನ್ನು ಹರಾಜಿಗೆ ಒಯ್ಯುವಂತಿಲ್ಲ.